ತ್ರೀ ಫೇಸ್ ಕರೆಂಟಿನ ಪಿಕ್ಚರುಗಳು

೧೯೯೭ರ ನಾಗರ ಪಂಚಮಿಗೆಂದು ರಾಮದುರ್ಗದಿಂದ ತವರಿಗೆ ಬಂದ ನಮ್ಮ ಗೌರತ್ತಿ ದೀಪಾವಳಿ ಮುಗಿದರೂ ಗಂಡನ ಮನೆಗೆ ಹೋಗಿರಲಿಲ್ಲ. ದೀಪಾವಳಿಯ ಮರುವಾರ ಶಿವಪ್ಪ ಕಾಕಾ ಬೈಲಹೊಂಗಲದಿಂದ ಒಂದು ಕಪ್ಪು ಬಿಳುಪಿನ ಟೀವಿಯನ್ನೂ ಅದಕ್ಕಿಂತ ಭಾರವಾದ ಒಂದು ಸ್ಟೆಬಿಲೈಜರನ್ನೂ ಟೆಂಪೋದಲ್ಲಿ ಹಾಕಿಕೊಂಡು ಸಂಪಗಾಂವಿಗೆ ತಂದ. ಈ ಎರಡು ಘಟನೆಗಳಿಗೆ ಸಂಬಂಧವಿಲ್ಲ ಎಂದೇ ಆಗ ಎಲ್ಲರೂ ತಿಳಿದಿದ್ದರು.

ಇದನ್ನೆಲ್ಲ ನೆನೆಯಲು ಕಾರಣ ನಮ್ಮ ಸುದ್ದಿಮನೆಗೆ ಹೊಸದಾಗಿ ಬಂದ ಒಬ್ಬ ಹುಡುಗ. ರಾತ್ರಿ ಪಾಳಿ ಮುಗಿದು ಪುಟಗಳು ಅಚ್ಚಿಗೆ ಹೋದ ಮೇಲೆ ಚಹಾ ಕುಡಿಯುತ್ತ ಅವನು ಹಳೆಯ ಸಿನಿಮಾಗಳ ಬಗ್ಗೆ ಮಾತನಾಡುತ್ತಾನೆ. ಮಾತನಾಡುವಾಗ ಕಣ್ಣು ಅರ್ಧ ಮುಚ್ಚುತ್ತಾನೆ. ಅವನಿಗೆ ಕ್ಲಾಸಿಕ್ ಚಿತ್ರಗಳ ರುಚಿ ಹತ್ತಿದ್ದು ಯಾವುದೋ ಚಿತ್ರೋತ್ಸವದಲ್ಲಂತೆ. ‘ನಿಮಗೆ ಹೇಗೆ ಹತ್ತಿತು ಸರ್’ ಎಂದು ಕೇಳಿದ. ‘ಐದು ಎಚ್‌ಪಿ ಮೋಟಾರು’ ಎಂದೆ. ಅದನ್ನವನು ಪೂರ್ವ ಯುರೋಪಿನ ಯಾವುದೋ ಚಿತ್ರವೆಂದು ತಿಳಿದು, ತಾನೂ ನೋಡಿದ್ದೇನೆ ಎಂಬಂತೆ ತಲೆಯಾಡಿಸಿದ. ತಿದ್ದುಪಡಿ ಪ್ರಕಟಿಸುವುದು ನಮ್ಮ ವೃತ್ತಿಧರ್ಮ. ಆದ್ದರಿಂದ ಇದು.

ಆ ದಿನಗಳಲ್ಲಿ ನಮ್ಮ ಕಡೆಯ ಹಳ್ಳಿಗಳಿಗೆ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ತ್ರೀ ಫೇಸ್ ಇಲ್ಲದೆ ಬಾವಿಯ ಮೋಟಾರು ತಿರುಗುವುದಿಲ್ಲ. ನಮ್ಮ ಊರಿನ ಪಾಲಿಗೆ ಬಂದದ್ದು ರಾತ್ರಿ ಪಾಳಿ: ಹನ್ನೊಂದರ ಆಸುಪಾಸಿಗೆ ಬಂದು ಒಂದೂವರೆಯ ಸುಮಾರಿಗೆ ಹೋಗುವುದು. ಅಲ್ಲಿಂದ ಮುಂದೆ ಕರೆಂಟು ಬೇರೆ ಊರಿನವರ ಸ್ವತ್ತು. ಸಂಜೆಯಂತೂ ಊರೇ ಕತ್ತಲು. ಬಂದ ಕರೆಂಟನ್ನು ತಪ್ಪಿಸಿಕೊಂಡರೆ ಕಬ್ಬಿಗೆ ನೀರಿಲ್ಲ. ಆದ್ದರಿಂದ ನಿದ್ದೆಯಲ್ಲಿದ್ದವರಿಗೆ ಕರೆಂಟು ಬಂದ ಸುದ್ದಿ ಮುಟ್ಟಿಸುವುದೇ ಮನೆಮನೆಯ ಸಮಸ್ಯೆಯಾಗಿತ್ತು. ಕೆಲವರು ಬಲ್ಬಿನ ಗುಂಡಿ ಒತ್ತಿಟ್ಟು ಮಲಗುತ್ತಿದ್ದರು. ಕಾಕಾ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಮಲಗುವವನು, ಸೂರ್ಯನಿಗೇ ಎದ್ದವನಲ್ಲ. ಅಲಾರಾಂ ಗಡಿಯಾರ ಕರೆಂಟು ಬರಲಿ ಬಿಡಲಿ ಹೊಡೆಯುತ್ತಿತ್ತು. ಕೊನೆಗೆ ಅವನು ಕಂಡುಕೊಂಡ ಉಪಾಯ ಟೀವಿ. ಗುಂಡಿ ಒತ್ತಿ, ದನಿಯನ್ನು ಪೂರ್ತಿ ಏರಿಸಿ, ಕತ್ತಲಲ್ಲಿ ಅದರ ಮುಂದೆ ಸಾಲಾಗಿ ಮಲಗುವುದು. ಕರೆಂಟು ಬಂದ ಕ್ಷಣ ಅದು ತಾನೇ ಕೂಗಿಕೊಳ್ಳುವುದು. ಅಂದರೆ ನಮ್ಮ ಮನೆಗೆ ಟೀವಿ ಬಂದದ್ದು ನೋಡಲಿಕ್ಕಲ್ಲ, ಎಬ್ಬಿಸಲಿಕ್ಕೆ.

ಮೊದಲ ಶುಕ್ರವಾರ ನಮ್ಮನ್ನು ಎಬ್ಬಿಸಿದವಳು ಒಬ್ಬ ಹೆಂಗಸು. ಕಂಬಕ್ಕೆ ಒರಗಿ ಅಳುತ್ತಿದ್ದಳು. ಸರಕಾರಿ ಚಾನೆಲಿನವರು ಪ್ರತಿ ಶುಕ್ರವಾರ ಊರೆಲ್ಲ ಮಲಗಿದ ಮೇಲೆ ಹಳೆಯ ಪಿಕ್ಚರು ಹಾಕುತ್ತಿದ್ದರು; ಹಗಲು ಹಾಕಿದರೆ ಜನ ನೋಡಿಯಾರು ಎಂಬ ಭಯ ಇದ್ದಿರಬೇಕು. ಅಂದಿನಿಂದ ನಮ್ಮ ಮನೆಯಲ್ಲಿ ಅಳುವ ಹೆಂಗಸು ಎಂದರೆ ತ್ರೀ ಫೇಸ್ ಬಂತು ಎಂದು ಅರ್ಥ. ಅವ್ವ ಕಾಕಾನನ್ನು ಅಲುಗಿಸಿ ಹೇಳುತ್ತಿದ್ದಳು: “ಏಳೋ ಶಿವಪ್ಪಾ, ಆಕಿ ಅಳಾಕ ಹತ್ಯಾಳ. ಮೋಟಾರ್ ಚಾಲೂ ಮಾಡ ಹೋಗು.”

ನನಗಾಗ ಇಪ್ಪತ್ತು. ಬಿ.ಎ. ಎರಡನೆಯ ವರ್ಷದ ಇಂಗ್ಲಿಷಿನಲ್ಲಿ ನಪಾಸಾಗಿ, ಮತ್ತೆ ಕಟ್ಟಿದ ಪರೀಕ್ಷೆ ಬರುವವರೆಗೆ ‘ಓದುತ್ತಿದ್ದೇನೆ’ ಎಂಬ ಹುದ್ದೆಯಲ್ಲಿದ್ದೆ. ಅಪ್ಪ ಹೂಲಿಯಲ್ಲಿ ಶಾಲಾ ಮಾಸ್ತರ, ಬರುವುದು ರವಿವಾರ ಮಾತ್ರ. ಹೀಗಾಗಿ ಬ್ಯಾಟರಿ ಹಿಡಿದು ಕಾಕಾನ ಹಿಂದೆ ಹೊಲಕ್ಕೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ವಾರ ಹೋದೆ. ಎರಡನೆಯ ವಾರ ಹೊಟ್ಟೆ ನೋವು ಬಂತು. ಮೂರನೆಯ ವಾರ ಕಾಕಾನೇ, “ನಿನ್ನ ಹೊಟ್ಟಿಗೂ ಶುಕ್ರವಾರ ಗೊತ್ತಾಗತೈತೇನಲೇ?” ಎಂದ.

ಏನು ನೋಡುತ್ತಿದ್ದೆ ಎಂದು ಕೇಳಿದರೆ ಕಣ್ಣು ಅರ್ಧ ಮುಚ್ಚಿ ಉತ್ತರಿಸುವ ಸ್ಥಿತಿಯಲ್ಲಿ ನಾನಿಲ್ಲ. ಸುತ್ತಲ ಹೊಲಗಳ ಮೋಟಾರುಗಳೆಲ್ಲ ಒಮ್ಮೆಗೇ ತಿರುಗತೊಡಗಿದರೆ ವೋಲ್ಟೇಜು ಕುಸಿಯುತ್ತಿತ್ತು. ಸ್ಟೆಬಿಲೈಜರು ಹಲ್ಲಿಯಂತೆ ಲೊಚಗುಟ್ಟುತ್ತಿತ್ತು. ಚಿತ್ರ ನಾಲ್ಕೂ ದಿಕ್ಕಿನಿಂದ ಸೆಳೆದುಕೊಂಡು ತೆರೆಯ ನಡುವೆ ಒಂದು ಜೋಳದ ರೊಟ್ಟಿಯಷ್ಟಾಗಿ ನಿಲ್ಲುತ್ತಿತ್ತು. ಎತ್ತರದ ನಾಯಕರೆಲ್ಲ ಗಿಡ್ಡರಾಗುತ್ತಿದ್ದರು. ನಾಯಕಿಯರಿಗೆ ಹಣೆಯೇ ಇರುತ್ತಿರಲಿಲ್ಲ. ಆದರೂ ಅವರು ಒಂದು ಕಿಟಕಿಯ ಹತ್ತಿರ ಸುಮ್ಮನೆ ನಿಂತರೆ ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಬೈಲಹೊಂಗಲದ ಥೇಟರಿನಲ್ಲಿ ನಾನು ನೋಡಿದ್ದ ಪಿಕ್ಚರುಗಳಲ್ಲಿ ಯಾರೂ ಸುಮ್ಮನೆ ನಿಂತದ್ದಿಲ್ಲ. ನಿಂತರೆ ಹಿಂದಿನಿಂದ ಯಾರಾದರೂ ಹೊಡೆಯುತ್ತಿದ್ದರು. ಇಲ್ಲಿ ಯಾರೂ ಹೊಡೆಯುತ್ತಿರಲಿಲ್ಲ. ನಿಂತವಳ ಮುಖದ ಅರ್ಧಕ್ಕೆ ಬೆಳಕು, ಅರ್ಧಕ್ಕೆ ನೆರಳು. ಅವಳು ಏನು ವಿಚಾರ ಮಾಡುತ್ತಿದ್ದಾಳೆ ಎಂದು ನಾನೇ ತಿಳಿದುಕೊಳ್ಳಬೇಕು. ಇಂಗ್ಲಿಷಿನಲ್ಲಿ ನಪಾಸಾದವನನ್ನು ನಂಬಿ ಇಷ್ಟು ದೊಡ್ಡ ಕೆಲಸವನ್ನು ಅದುವರೆಗೆ ಯಾರೂ ಒಪ್ಪಿಸಿರಲಿಲ್ಲ.

ಕಾಕಾನ ವಿಮರ್ಶೆ ಬೇರೆ. ಮೋಟಾರು ಹಚ್ಚಿ, ಕಬ್ಬಿನ ಒಂದು ಮಡಿಗೆ ನೀರು ತಿರುಗಿಸಿ, ಅದು ತುಂಬುವಷ್ಟರಲ್ಲಿ ಮನೆಗೆ ಬಂದು ಕೆಸರುಗಾಲಿನಲ್ಲೇ ಹೊಸ್ತಿಲ ಹೊರಗೆ ನಿಂತು ನೋಡುತ್ತಿದ್ದ. ಒಂದು ಪರಭಾಷೆಯ ಪಿಕ್ಚರಿನಲ್ಲಿ ಮುದುಕನೊಬ್ಬ ಕೆರೆಯ ದಂಡೆಯ ಮೇಲೆ ನಡೆಯುತ್ತಿದ್ದ. ಕಾಕಾ ಹೋಗುವಾಗ ನಡೆಯುತ್ತಿದ್ದ, ಬಂದಾಗಲೂ ನಡೆಯುತ್ತಿದ್ದ. “ಈತಗ ಹೊಲಾ ಮನಿ ಏನೂ ಇಲ್ಲೇನು?” ಎಂದು ಕೇಳಿದ. ಆಮೇಲೆ ಅವನೂ ಮೆಟ್ಟಿಲ ಮೇಲೆ ಕುಳಿತ. ಮುದುಕ ಎಲ್ಲಿಗೆ ಹೋಗುತ್ತಾನೆ ನೋಡಿಯೇ ಏಳೋಣ ಎಂದು ಕುಳಿತದ್ದು. ಮುದುಕ ಎಲ್ಲಿಗೂ ಹೋಗಲಿಲ್ಲ. ನೀರು ಮಾತ್ರ ನಮ್ಮ ಮಡಿ ತುಂಬಿ, ಬದು ಒಡೆದು, ಮಗ್ಗಲಿನವರ ಕಡಲೆ ಹೊಲಕ್ಕೆ ಹೋಯಿತು. ಕಡಲೆಗೆ ಇಬ್ಬನಿ ಸಾಕು, ನೀರು ವಿಷ. ಬೆಳಗ್ಗೆ ಆ ಹೊಲದವರು ಬಂದು ಅಂಗಳದಲ್ಲಿ ನಿಂತು ಬೈದರು. ಕಾಕಾ ತಲೆ ತಗ್ಗಿಸಿ ಕೇಳಿಸಿಕೊಂಡು, “ಮುದುಕಾ ನಡೀಲಿಕ್ಕೆ ಹತ್ತಿದ್ದ, ಏನ ಮಾಡಲಿ” ಎಂದ. ಮುದುಕ ಯಾರೆಂದು ಅವರಿಗೆ ಬಹಳ ದಿನ ತಿಳಿಯಲಿಲ್ಲ.

ಈ ಪಿಕ್ಚರುಗಳು ಬಹುತೇಕ ಹಿಂದಿಯವು. ನಮ್ಮ ಮನೆಯಲ್ಲಿ ಹಿಂದಿ ಬರುತ್ತಿದ್ದದ್ದು ನನಗೆ ಮಾತ್ರ, ಅದೂ ಹೈಸ್ಕೂಲಿನ ಮೂರನೆಯ ಭಾಷೆಯಾಗಿ. ‘ಗಿಡದ ಮೇಲೆ ಗಿಳಿ ಇದೆ’ ಎನ್ನುವಷ್ಟು. ಈ ಪಿಕ್ಚರುಗಳಲ್ಲಿ ಗಿಳಿ ಬರುತ್ತಿರಲಿಲ್ಲ. ಹೀಗಾಗಿ ಅನುವಾದದ ಹೊಣೆಯನ್ನು ಪಕ್ಕದ ಮನೆಯ ಜೈತುನಕ್ಕ ವಹಿಸಿಕೊಂಡಳು. ಅವಳ ಗಂಡ ಲಾರಿ ಡ್ರೈವರು, ವಾರಗಟ್ಟಲೆ ಊರಲ್ಲಿ ಇರುತ್ತಿರಲಿಲ್ಲ. ಟೀವಿ ಕೂಗಿದೊಡನೆ ಶಾಲು ಹೊದ್ದು ಬಂದು ಗೋಡೆಗೆ ಒರಗಿ ಕೂರುತ್ತಿದ್ದಳು. ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ಥೇಟರೊಂದರ ಹಿಂದಿನ ಓಣಿಯಲ್ಲಿ. ಯಾವ ಪಿಕ್ಚರು ಬಂದರೂ, “ಇದನ್ನ ನಾ ಹುಬ್ಬಳ್ಳ್ಯಾಗ ನೋಡೇನಿ” ಎನ್ನುತ್ತಿದ್ದಳು. ಕತೆ ಮುಂದೇನಾಗುತ್ತದೆ ಎಂದು ಹೇಳಿದರೆ ಹಾಗೆಯೇ ಆಗುತ್ತಿತ್ತು. ನಾವು ನಂಬಿದೆವು.

ಅವಳ ಅನುವಾದದಲ್ಲಿ ಯಾರೂ ಸೆರೆ ಕುಡಿಯುತ್ತಿರಲಿಲ್ಲ. ನಾಯಕ ಬಾಟಲಿ ಎತ್ತಿದರೆ, “ಪಾಪ, ಕೆಮ್ಮಿನ ಔಷಧ” ಎನ್ನುತ್ತಿದ್ದಳು. ವೇಶ್ಯೆಯರ ಕೋಠಾದಲ್ಲಿ ಕುಣಿಯುವವಳು “ಹಾಡಿನ ಟೀಚರ್”. ಬೈಗುಳಗಳನ್ನು ಪೂರ್ತಿಯಾಗಿ ತೆಗೆದುಹಾಕುತ್ತಿದ್ದಳು. ಖಳನಾಯಕ ಐದು ನಿಮಿಷ ಅರಚಿದ್ದನ್ನು “ಸಿಟ್ಟ ಬಂದೈತಂತ” ಎಂಬ ಎರಡು ಮಾತಿಗೆ ಇಳಿಸುತ್ತಿದ್ದಳು. ಇಷ್ಟು ಚೆನ್ನಾಗಿ ಕತ್ತರಿಸುವ ಉಪಸಂಪಾದಕರನ್ನು ನಾನು ಆಮೇಲೆ ಕಂಡಿಲ್ಲ.

ಒಂದೂವರೆಗೆ ಕರೆಂಟು ಹೋಗುತ್ತಿತ್ತು. ಪಿಕ್ಚರು ಇನ್ನೂ ಇರುತ್ತಿತ್ತು. ಆಗ ಜೈತುನಕ್ಕ ಕತ್ತಲಲ್ಲೇ ಉಳಿದ ಕತೆ ಹೇಳುತ್ತಿದ್ದಳು. ಯಾರ ಮದುವೆಯಾಯಿತು, ಯಾರು ಸತ್ತರು, ಯಾರಿಗೆ ಬುದ್ಧಿ ಬಂತು ಎಲ್ಲ. ನಾನು ನೋಡಿದ ಮೊದಮೊದಲ ಕ್ಲಾಸಿಕ್‌ಗಳಿಗೆಲ್ಲ ಮುಕ್ತಾಯ ಒದಗಿಸಿದವಳು ಅವಳು. ಅನ್ಯಾಯ ಮಾಡಿದವರು ಯಾರೂ ಅವಳ ಕೈಯಿಂದ ಪಾರಾದದ್ದಿಲ್ಲ.

ಇಲ್ಲಿ ಗೌರತ್ತಿಯ ವಿಷಯ ಹೇಳಬೇಕು. ಗೌರತ್ತಿ ಎಂದರೆ ಅಪ್ಪನ, ಕಾಕಾನ ಕಿರಿಯ ತಂಗಿ. ಗಂಡ ಮಲ್ಲಪ್ಪ ಮಾಮಾ ರಾಮದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಕುಡಿತವಿಲ್ಲ, ಹೊಡೆತವಿಲ್ಲ, ಮಾತೂ ಇಲ್ಲ. ಅಂಗಡಿಯಲ್ಲಿ ಮೀಟರುಗಟ್ಟಲೆ ಮಾತನಾಡಿ ಮನೆಗೆ ಬರುವಾಗ ಖಾಲಿಯಾಗಿರುತ್ತಿದ್ದರು. ಮನೆಯಲ್ಲಿ ಎಲ್ಲರ ಪರವಾಗಿ ಮಾತನಾಡುವವಳು ಅವರ ತಾಯಿ ಗಂಗವ್ವ. ಪಂಚಮಿಗೆ ಮೊದಲು ಒಂದು ದಿನ ಊಟಕ್ಕೆ ಕುಳಿತಾಗ ಗಂಗವ್ವ, “ಈಕಿ ಬಂದಾಗಿಂದ ಈ ಮನ್ಯಾಗ ಒಂದ ದಿನಾ ಸಾರ ಸಾರಿನಂಗ ಆಗಿಲ್ಲ. ಹೌದಲ್ಲೋ ಮಲ್ಲಪ್ಪಾ?” ಎಂದಳಂತೆ. ಮಾಮಾ ತಲೆಯಾಡಿಸಿದರಂತೆ.

“ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಯಾ ಕಡೆ ಅಲ್ಲಾಡಿಸಿದ್ರು ಅನ್ನೂದರ ತಿಳೀಬೇಕಲ್ಲ” ಎಂದು ಗೌರತ್ತಿ ನಮ್ಮ ಅಡುಗೆಮನೆಯಲ್ಲಿ ಕುಳಿತು ಹೇಳುತ್ತಿದ್ದಳು. ಎಂಟು ವರ್ಷದ ಸಂಸಾರದಲ್ಲಿ ಅವಳಿಗೆ ಬೇಕಾಗಿದ್ದದ್ದು ಒಂದೇ: ಆ ಮನುಷ್ಯ ಒಂದು ಸಲ ಬಾಯಿ ತೆರೆದು ತನ್ನ ಮಾತನ್ನು ತಾನೇ ಆಡಬೇಕು.

ಹೋಗಲು ಅವಳಿಗೆ ಮನಸ್ಸಿರಲಿಲ್ಲವೇ, ಇತ್ತೇ, ಯಾರೂ ಕೇಳಲಿಲ್ಲ. ಏಕೆಂದರೆ ವಿಷಯ ಅಷ್ಟರಲ್ಲಿ ರಿವಾಜಿನ ಕೈಗೆ ಹೋಗಿತ್ತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಗಳನ್ನು ತವರಿನವರು ಹೋಗಿ ಕರೆತರುತ್ತಾರೆ. ತಿರುಗಿ ಕಳಿಸುವಾಗ ಗಂಡನ ಮನೆಯವರು ಕರೆಯಲು ಬರಬೇಕೆಂದು ತವರಿನವರ ವಾದ. ಕರೆದೊಯ್ದವರೇ ತಂದು ಬಿಡಬೇಕೆಂದು ಅವರ ವಾದ. ಕರೆಯದೆ ಹೋದರೆ ನಮ್ಮ ಮರ್ಯಾದೆ, ಕರೆಯಲು ಬಂದರೆ ಅವರ ಮರ್ಯಾದೆ ಹೋಗುವುದು. ಸಂಪಗಾಂವಿಗೂ ರಾಮದುರ್ಗಕ್ಕೂ ನಡುವೆ ಬಸ್ಸುಗಳು ಓಡಾಡುತ್ತಲೇ ಇದ್ದವು. ಯಾರೂ ಹತ್ತಲಿಲ್ಲ. ಚಳಿಗಾಲ ಬಂತು.

ಆ ಚಳಿಗಾಲದ ಒಂದು ಶುಕ್ರವಾರ ಬಂದ ಪಿಕ್ಚರಿನ ಹೆಸರು ನಮಗೆ ಗೊತ್ತಿಲ್ಲ. ಕರೆಂಟು ಬರುವಷ್ಟರಲ್ಲಿ ಹೆಸರು ದಾಟಿಹೋಗಿತ್ತು. ಗಂಡನ ಮನೆ ಬಿಟ್ಟು ಬಂದ ಒಬ್ಬಾಕೆ ಒಂದು ಬಾಡಿಗೆ ಕೋಣೆಯಲ್ಲಿ ಇರುತ್ತಾಳೆ. ಹೊಲಿಗೆ ಹೊಲಿಯುತ್ತಾಳೆ. ಹೊರಗೆ ಹೆಜ್ಜೆಯ ಸಪ್ಪಳವಾದಾಗಲೆಲ್ಲ ಯಂತ್ರ ನಿಲ್ಲಿಸಿ ಕೇಳುತ್ತಾಳೆ. ಇಷ್ಟೇ ಕತೆ, ಎರಡು ತಾಸು. ಗೌರತ್ತಿ ಅದುವರೆಗೆ ಪಿಕ್ಚರು ನೋಡುತ್ತ ನಿದ್ದೆ ಹೋಗುತ್ತಿದ್ದವಳು. ಅಂದು ಟೀವಿಯ ಹತ್ತಿರ ಹತ್ತಿರ ಸರಿದಳು; ನಮಗೆಲ್ಲ ಅವಳ ತುರುಬು ಮಾತ್ರ ಕಾಣುತ್ತಿತ್ತು. ಯಾರೂ ‘ಆಚೆ ಸರಿ’ ಎನ್ನಲಿಲ್ಲ. ಕೊನೆಗೊಂದು ರಾತ್ರಿ ಗಂಡ ಬರುತ್ತಾನೆ. ಮಳೆಯಲ್ಲಿ ನೆನೆದು ನಿಂತು ಬಾಗಿಲು ಬಡಿಯುತ್ತಾನೆ. ಅವಳು ತಲೆ ಎತ್ತುತ್ತಾಳೆ.

ಕರೆಂಟು ಹೋಯಿತು.

ಕತ್ತಲಲ್ಲಿ ಗೌರತ್ತಿಯ ದನಿ ಬಂತು: “ತಗದ್ಲೇನ, ಜೈತುನಕ್ಕಾ?”

ಜೈತುನಕ್ಕ ಮೊದಲ ಸಲ ತಡವರಿಸಿದಳು. “ಹೊತ್ತಾತು, ಮಕ್ಕೊ. ನಾಳೆ ಹೇಳತೇನಿ” ಎಂದು ಶಾಲು ಹೊದ್ದು ಹೋದಳು.

ಮರುದಿನ ಹೇಳಿದಳು. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳಿದಳು ಎಂಬುದು ಒಂದು ವಾರದ ಮೇಲೆ, ಜೋಳ ಹಸನು ಮಾಡಲು ಎಲ್ಲರೂ ಪಡಸಾಲೆಯಲ್ಲಿ ಕುಳಿತಾಗ ಹೊರಬಿತ್ತು. ಅವ್ವನ ಪ್ರಕಾರ ಆಕೆ ಬಾಗಿಲು ತೆರೆದು, ಇಬ್ಬರೂ ಟಾಂಗಾ ಏರಿ ಮನೆಗೆ ಹೋದರು. “ನನಗ ಹಂಗ ಹೇಳಲಿಲ್ಲ” ಎಂದಳು ಗೌರತ್ತಿ. “ಆಕಿ ತಗೀಲಿಲ್ಲ. ಹಿತ್ತಲ ಬಾಗಲದಿಂದ ಹೋಗಿ ಸಾಲಿ ಮಾಸ್ತರ್ತಿ ಆದ್ಲು.”

ಮೂಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ ಕಾಕಾ ಕೆಮ್ಮಿದ. “ಬಾಗಲಾ ಬಡದಾಂವ ಗಂಡಾನ ಅಲ್ಲಲ್ಲ. ಅವರಣ್ಣ. ತಂಗೀನ ಒಂದ ಮಾತ ಕೇಳಲಾರದ ಲಗ್ನಾ ಮಾಡಿದೆ ಅಂತ ಬಂದು ಅತ್ತನಂತ.”

 ಆ ವಾರವಿಡೀ ಕಾಕಾ ಏಕೆ ಮೆತ್ತಗಾಗಿದ್ದ, ತಂಗಿಗೆ ಬೈಲಹೊಂಗಲದಿಂದ ಏಕೆ ಕಾರಣವಿಲ್ಲದೆ ಕುಂದಾ ತಂದಿದ್ದ ಎಂಬುದು ಎಲ್ಲರಿಗೂ ತಿಳಿಯಿತು.

ಗೌರತ್ತಿ ಎದ್ದು ಪಕ್ಕದ ಮನೆಗೆ ಹೋದಳು. ನಾನೂ ಹಿಂದೆ ಹೋದೆ. ಜೈತುನಕ್ಕ ಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದಳು.

“ಜೈತುನಕ್ಕಾ, ಮೂರು ಮಂದಿಗೆ ಮೂರ ನಮೂನಿ ಹೇಳಿದಿ. ಖರೇದು ಯಾವುದು?”

“ನಿನಗ ಯಾವುದು ಬೇಕಾಗೈತಿ?”

“ಖರೇದು.”

ಜೈತುನಕ್ಕ ಕೈಯೊರೆಸಿಕೊಂಡಳು. “ನಮ್ಮಪ್ಪ ಆ ಥೇಟರದಾಗ ಗೇಟ್ ಕಾಯಾಂವ. ದೀಪಾ ಆರಿದ ಮ್ಯಾಲೆ ನಮ್ಮನ್ನ ಪುಕ್ಕಟ ಒಳಗ ಬಿಡತಿದ್ದ. ಇಂಟರ್ವಲ್‌ಗೆ ಮಾಲಕರು ಬರತಿದ್ರು. ಅದಕ್ಕ ಅದರ ಮೊದಲ ಕಿವಿ ಹಿಡದು ಎಬ್ಬಿಸಿಕೊಂಡು ಹೋಗತಿದ್ದ. ನಾ ನೂರಾರು ಪಿಚ್ಚರ್ ನೋಡೇನಿ ಗೌರವ್ವಾ. ಒಂದರದೂ ಇಂಟರ್ವಲ್ ಆಚೆ ಏನಾಗತೈತಿ ನನಗ ಗೊತ್ತಿಲ್ಲ.”

“ಮತ್ತ ಇಷ್ಟ ದಿನಾ ಹೇಳಿದ್ದು?”

“ಹೆಂಗ ಆಗಬೇಕಾಗಿತ್ತೋ ಹಂಗ ಹೇಳಿದ್ನಿ. ಯಾರಿಗೇನ ಲುಕ್ಸಾನ ಆಗೈತಿ?”

ಲುಕ್ಸಾನು ಆದದ್ದು ನನಗೆ. ನನ್ನ ಅಷ್ಟು ದಿನಗಳ ಸಿನಿಮಾ ಜ್ಞಾನದ ಉತ್ತರಾರ್ಧ ಆ ಕ್ಷಣಕ್ಕೆ ರದ್ದಾಯಿತು. ಗೌರತ್ತಿ ಮಾತ್ರ ಸಿಟ್ಟಾಗಲಿಲ್ಲ. “ಹಂಗಾದ್ರ ಆಕಿ ಬಾಗಲಾ ತಗದ್ಲೋ ಇಲ್ಲೋ, ಈ ಊರಾಗ ಯಾರಿಗೂ ಗೊತ್ತಿಲ್ಲ” ಎಂದು ಎದ್ದಳು. ಅಂದಿನಿಂದ ಅವಳಿಗೆ ಅದೊಂದೇ ಹಿಡಿಯಿತು. ರೊಟ್ಟಿ ಬಡಿಯುತ್ತ ಕೈ ನಿಲ್ಲಿಸಿ, “ತಗದಿರಬೇಕೇನೋ ಬಸೂ?” ಎಂದು ನನ್ನನ್ನು ಕೇಳುವಳು. ನಾನು ತೆಗೆದಿರಬೇಕು ಎಂದರೆ, “ಯಾಕ ತಗೀಬೇಕು?” ಎಂದು ನನ್ನ ಮೇಲೇ ಏರಿ ಬರುವಳು. ಇಲ್ಲ ಎಂದರೆ, “ಮಳ್ಯಾಗ ನಿಂತಾನಲ್ಲೋ” ಎನ್ನುವಳು.

ಚಳಿ ಇಳಿಯುವ ಹೊತ್ತಿಗೆ ಕ್ಷೌರದ ಅಂಗಡಿಯಲ್ಲಿ ಪತ್ರಿಕೆ ತಿರುವುತ್ತಿದ್ದಾಗ ಟೀವಿ ಕಾರ್ಯಕ್ರಮಗಳ ಅಂಕಣದಲ್ಲಿ ಶುಕ್ರವಾರದ ಪಿಕ್ಚರಿನ ಕತೆಯನ್ನು ಎರಡು ಸಾಲಿನಲ್ಲಿ ಕೊಟ್ಟಿದ್ದು ಕಂಡಿತು. ಬಾಡಿಗೆ ಕೋಣೆ, ಹೊಲಿಗೆ ಯಂತ್ರ. ಮರುಪ್ರಸಾರ. ಅರ್ಧ ಬೋಳಿಸಿದ ಗಲ್ಲದಲ್ಲೇ ಮನೆಗೆ ಓಡಿದೆ.

ಮನೆಯಲ್ಲಿ ಸಭೆ ಸೇರಿತು. ನಮ್ಮ ಊರಲ್ಲಿ ನೋಡಿದರೆ ಒಂದೂವರೆಗೆ ಮತ್ತೆ ಕತ್ತಲು. ರಾತ್ರಿಯಿಡೀ ಕರೆಂಟು ಇರುವುದು ಪಟ್ಟಣಗಳಲ್ಲಿ. ಬೈಲಹೊಂಗಲದ ಬೀಗರ ಮಗಳು ಹತ್ತನೆಯ ಈಯತ್ತೆ, ಟೀವಿಗೆ ಸೀರೆ ಸುತ್ತಿ ಅಟ್ಟಕ್ಕೇರಿಸಿದ್ದರು. ಕಿತ್ತೂರಿನ ಸೋದರಮಾವನ ಟೀವಿಯಲ್ಲಿ ದನಿ ಬರುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಸವದತ್ತಿಯಲ್ಲಿ ಅಪ್ಪನ ಗೆಳೆಯ ಮಾಸ್ತರರೊಬ್ಬರಿದ್ದರು. ಅವರ ಟೀವಿಗೆ ಮರದ ಕದ, ಕದಕ್ಕೆ ಕೀಲಿ, ಕೀಲಿ ಅವರ ಜನಿವಾರಕ್ಕೆ. ಒಂಬತ್ತಕ್ಕೆ ಮಲಗುವವರು.

“ರಾಮದುರ್ಗದಾಗ ಐತಿ” ಎಂದಳು ಗೌರತ್ತಿ.

“ಯಾರ ಮನ್ಯಾಗ?” ಎಂದು ಕಾಕಾ ಕೇಳಿದ.

“ನಮ್ಮನ್ಯಾಗ.”

ಅವ್ವ ಕಾಕಾನ ಮುಖ ನೋಡಿದಳು. ಕಾಕಾ ಗೋಡೆಯ ಮುಖ ನೋಡಿದ.

“ಕರೀಲಾರದ ಹ್ಯಾಂಗ ಹೋಗತಿ?” ಎಂದ ಕೊನೆಗೆ. “ನಾಳೆ ಅವರು, ತಾನ ಬಂದ್ಲು ಅಂದ್ರ?”

“ನಾ ಇರಾಕ ಹೋಗವಲ್ಲೆ ಅಣ್ಣಾ. ಪಿಚ್ಚರ್ ನೋಡಾಕ ಹೊಂಟೇನಿ. ಪಿಚ್ಚರಿಗೆ ಯಾರರ ಕರಿಯಾಕ ಬರತಾರೇನು?”

ರಿವಾಜಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕಾಕಾ ಬಹಳ ಹೊತ್ತು ಹುಡುಕಿ, ಸಿಗದೆ, “ಬಸ್ಯಾನ್ನ ಕರಕೊಂಡ ಹೋಗು” ಎಂದ. ಜೈತುನಕ್ಕ ಬಸ್ ಸ್ಟ್ಯಾಂಡಿನ ತನಕ ಬಂದು, “ಮುಗಿಯೂದರಾಗ ನಿದ್ದಿ ಮಾಡಬ್ಯಾಡ್ರಿ ಮತ್ತ. ಖರೇದು ತಗೊಂಡ ಬರ್ರಿ” ಎಂದು ಹೇಳಿ ಕಳಿಸಿದಳು.

ಬೈಲಹೊಂಗಲದಲ್ಲಿ ಒಂದು ಬಸ್ಸು, ಸವದತ್ತಿಯಲ್ಲಿ ಇನ್ನೊಂದು. ಸವದತ್ತಿಯ ಬಸ್ಸಿನ ಸೀಟುಗಳಿಗೆಲ್ಲ ಗುಡ್ಡದ ದೇವಿಯ ದರ್ಶನಕ್ಕೆ ಹೋಗಿ ಬಂದವರ ಭಂಡಾರದ ಅರಿಸಿನ ಹತ್ತಿತ್ತು. ರಾಮದುರ್ಗದಲ್ಲಿ ಇಳಿದಾಗ ಗೌರತ್ತಿಯ ಸೀರೆಯ ಬೆನ್ನು ಹಳದಿಯಾಗಿತ್ತು. ಬಾಗಿಲಲ್ಲಿ ಗಂಗವ್ವ ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಗೌರತ್ತಿ ಚಪ್ಪಲಿ ಬಿಡದೆ ಹೇಳಿದಳು: “ಪಿಚ್ಚರ್ ನೋಡಾಕ ಬಂದೇನ್ರಿ. ಇವತ್ತ ಹನ್ನೊಂದಕ್ಕ ಐತಿ. ನಾಳೆ ಮುಂಜಾನಿ ಬಸ್ಸಿಗೆ ಹೋಗತೇನಿ.”

ಗಂಗವ್ವನಂಥ ಹೆಂಗಸು ಮಾತಿಲ್ಲದೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸೊಸೆಯಾಗಿ ಬಂದಿದ್ದರೆ ಬೈಯಬಹುದಿತ್ತು. ಬೀಗರ ಕಡೆಯವಳಾಗಿ ಬಂದಿದ್ದರೆ ಮುಖ ತಿರುಗಿಸಬಹುದಿತ್ತು. ಪಿಕ್ಚರು ನೋಡಲು ಬಂದವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ಯಾರೂ ಅವಳಿಗೆ ಕಲಿಸಿರಲಿಲ್ಲ. “ಬರ್ರಿ” ಎಂದಳು. ಮುಂದಿನ ತೊಡಕು ಚಹಾದ್ದು. ಬಂದವರಿಗೆ ಮನೆಯವರು ಚಹಾ ಮಾಡಿಕೊಡಬೇಕು. ಸೊಸೆಯಾದರೆ ಅವಳೇ ಮಾಡಬೇಕು. ಗೌರತ್ತಿ ಪಡಸಾಲೆಯ ಕುರ್ಚಿಯ ತುದಿಯಲ್ಲಿ ಕುಳಿತೇ ಇದ್ದಳು. ಗಂಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದಳು. ಅಂಗಡಿಯಿಂದ ಬಂದ ಮಲ್ಲಪ್ಪ ಮಾಮಾ ಇಬ್ಬರನ್ನೂ ನೋಡಿ, ಅಂಗಿಯ ತೋಳು ಮಡಿಸಿ, ಒಳಗೆ ಹೋಗಿ ಚಹಾ ಮಾಡಿ ತಂದರು. ಸಕ್ಕರೆ ಹೆಚ್ಚಾಗಿತ್ತು. ಎಲ್ಲರೂ ಕುಡಿದೆವು.

ಹನ್ನೊಂದಕ್ಕೆ ನಾಲ್ವರೂ ಕುಳಿತೆವು. ಅವರದು ಕಲರ್ ಟೀವಿ. ಗಂಗವ್ವ ಎರಡು ಸಲ ಎದ್ದು ಅದರ ತಲೆಯ ಮೇಲೆ ಬಡಿದು, “ಬಣ್ಣ ಯಾಕ ಬರವಲ್ದು? ಕೆಟ್ಟೈತೇನು?” ಎಂದಳು. ವೋಲ್ಟೇಜು ಗಟ್ಟಿಯಾಗಿತ್ತು. ಚಿತ್ರ ತೆರೆಯ ತುಂಬ ಹರಡಿತ್ತು. ಆ ನಟಿಗೆ ಹಣೆ ಇದೆ, ಹಣೆಯ ಮೇಲೆ ಒಂದು ಸಣ್ಣ ಗಾಯದ ಗುರುತೂ ಇದೆ ಎಂಬುದು ಅಂದು ನನಗೆ ತಿಳಿಯಿತು. ಅವಳು ಹೊಲಿಗೆ ನಿಲ್ಲಿಸಿ ಹೆಜ್ಜೆಯ ಸಪ್ಪಳ ಕೇಳುವಾಗಲೆಲ್ಲ ಆ ಗುರುತು ಸ್ವಲ್ಪ ಮೇಲೆ ಸರಿಯುತ್ತಿತ್ತು. ಅದನ್ನು ನೋಡಲು ಸಂಪಗಾಂವಿನಿಂದ ರಾಮದುರ್ಗಕ್ಕೆ ಎರಡು ಬಸ್ಸು ಹತ್ತಿ ಬಂದದ್ದು ಹೆಚ್ಚೇನಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮಳೆ ಬಂತು. ಗಂಡ ಬಂದ. ಬಾಗಿಲು ಬಡಿದ. ಅವಳು ತಲೆ ಎತ್ತಿದಳು. ಕರೆಂಟು ಹೋಗಲಿಲ್ಲ. ಅವಳು ಎದ್ದಳು. ಬಾಗಿಲ ತನಕ ಬಂದಳು. ಅಗಳಿಯ ಮೇಲೆ ಕೈ ಇಟ್ಟಳು. ಆಚೆ ಅವನು ತಲೆ ತಗ್ಗಿಸಿ ನಿಂತಿದ್ದ. ಈಚೆ ಅವಳ ಕೈ ಅಗಳಿಯ ಮೇಲಿತ್ತು. ಮಳೆ ಸುರಿಯುತ್ತಿತ್ತು. ‘ಸಮಾಪ್ತ’ ಎಂದು ಬಂತು.

“ಇಷ್ಟನ?” ಎಂದಳು ಗಂಗವ್ವ. “ಇಷ್ಟಕ್ಕ ನಿದ್ದಿಗೆಟ್ಟು ಕುಂತಿದ್ದೇನು ನಾನು?” ಎದ್ದು ಒಳಗೆ ಹೋಗಿ ಮಲಗಿದಳು.

ನಾನು ಕಂಬಳಿ ಹೊದ್ದು ಗೋಡೆಯ ಕಡೆ ಹೊರಳಿದೆ. ನಿದ್ದೆ ಬಂದವನಂತೆ ಇರುವುದು ಆಗ ನನಗೆ ಚೆನ್ನಾಗಿ ಗೊತ್ತಿದ್ದ ವಿದ್ಯೆ. ಟೀವಿ ಬರಿದೇ ಗುಂಯ್‌ಗುಡುತ್ತಿತ್ತು.

ಗೌರತ್ತಿ ಕೇಳಿದಳು: “ಅವನ ಜಾಗಾದಾಗ ನೀವಿದ್ರ ಏನ ಮಾಡತಿದ್ರಿ?”

 ಮಾಮಾ ತಲೆಯಾಡಿಸಿದರೇನೋ ಎಂದುಕೊಂಡೆ.

“ಇನ್ನೊಂದ ಸಲಾ ಬಡೀತಿದ್ನಿ” ಎಂದರು ಮಾಮಾ.

“ಒಂದ ಸಲಾನೂ ಬರಲಿಲ್ಲಲ್ಲ ನೀವು.”

“ಬಂದಿದ್ನಿ.”

“ಎಲ್ಲಿಗೆ?”

“ಬೈಲಹೊಂಗಲ ಸ್ಟ್ಯಾಂಡಿನ ತನಕಾ. ದಸರಾಕ್ಕೊಮ್ಮೆ, ದೀಪಾವಳಿಗೊಮ್ಮೆ. ಚಾ ಕುಡದ ಹೊಳ್ಳಿ ಬಂದ್ನಿ.”

“ಯಾಕ?”

“ನಿಮ್ಮಣ್ಣ ಏನರ ಕೇಳಿದ್ರ ಏನ ಹೇಳಬೇಕು ತಿಳೀಲಿಲ್ಲ.”

 ಆಮೇಲೆ ಮಾಮಾ ಎಂಟು ವರ್ಷದಲ್ಲಿ ಯಾರೂ ಕೇಳದೆ ಆಡಿದ ಮೊದಲ ಮಾತು ಬಂತು: “ಸಾರ ಛೊಲೋ ಇರತಿತ್ತು. ಅವತ್ತ ನಾ ಅಲ್ಲ ಅಂತ ತಲಿ ಅಲ್ಲಾಡಿಸಿದ್ನಿ.”

“ಅದನ್ನ ಬಾಯಿಲೆ ಹೇಳಬೇಕ್ರಿ” ಎಂದಳು ಗೌರತ್ತಿ. ಸಿಟ್ಟಿನಲ್ಲಿ ಹೇಳಿದಳೋ ಹೇಗೋ ನನಗೆ ಮುಖ ಕಾಣಲಿಲ್ಲ. ನಾನು ಗೋಡೆಯ ಕಡೆ ತಿರುಗಿದ್ದೆ.

ಬೆಳಗ್ಗೆ ಆಡಿದ ಮಾತಿನಂತೆ ಅವಳು ನನ್ನ ಜೊತೆ ಬಸ್ಸು ಹತ್ತಿದಳು. ಗಂಗವ್ವ ಬಾಗಿಲ ತನಕ ಬಂದು, “ಮುಂದಿನ ಶುಕ್ರವಾರ ಯಾವುದೈತಿ?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಸಂಪಗಾಂವಿನಲ್ಲಿ ಜೈತುನಕ್ಕ ನಮಗಾಗಿ ಕಟ್ಟೆಯ ಮೇಲೆಯೇ ಕುಳಿತಿದ್ದಳು. ಆಕೆ ಅಗಳಿಯ ಮೇಲೆ ಕೈ ಇಟ್ಟಳು, ಅಲ್ಲಿಗೆ ಮುಗಿಯಿತು ಎಂದು ಗೌರತ್ತಿ ಹೇಳಿದಾಗ ಅವಳು ನಂಬಲಿಲ್ಲ.

“ಅಲ್ಲೂ ಕರೆಂಟ ಹೋತೇನು?”

ಇಲ್ಲವೆಂದು ನಾನು ಪ್ರಮಾಣ ಮಾಡಿದೆ. ಜೈತುನಕ್ಕ ನಮ್ಮಿಬ್ಬರನ್ನೂ ಕನಿಕರದಿಂದ ನೋಡಿದಳು. “ಮಾಡಿದವರಿಗೇ ಗೊತ್ತಿಲ್ಲ ಅಂದಂಗಾತು. ನಾನ ವಾಸಿ” ಎಂದಳು.

ಮುಂದಿನ ವಾರ ಮಲ್ಲಪ್ಪ ಮಾಮಾ ಬೈಲಹೊಂಗಲದಲ್ಲಿ ಚಹಾ ಕುಡಿಯದೆ ನೇರ ಸಂಪಗಾಂವಿನ ಬಸ್ಸು ಹತ್ತಿ ಬಂದರು. ಕಾಕಾ ಹೊಲದಿಂದ ಓಡಿ ಬಂದ. ಇಬ್ಬರೂ ಪಡಸಾಲೆಯಲ್ಲಿ ಎದುರು ಬದುರು ಕುಳಿತರು. ಕಾಕಾ ಏನೂ ಕೇಳಲಿಲ್ಲ; ಕೇಳಬಾರದೆಂದು ಗೌರತ್ತಿ ಮೊದಲೇ ಹೇಳಿಟ್ಟಿದ್ದಳು. ಸ್ವಲ್ಪ ಹೊತ್ತು ಕಬ್ಬಿನ ಮಾತಾಯಿತು. ಆಮೇಲೆ ಮಾಮಾ ಗಂಟಲು ಸರಿಮಾಡಿಕೊಂಡು, “ಗೌರವ್ವನ್ನ ಕರಿಯಾಕ ಬಂದೇನ್ರಿ” ಎಂದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದವರಂತೆ, ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ ಹೇಳಿದರು. ಅಡುಗೆಮನೆಯಲ್ಲಿ ಅವ್ವ ಸೌಟು ಕೆಳಗಿಟ್ಟಳು.

“ನಾ ಯುಗಾದಿ ಮಾಡಕೊಂಡ ಬರತೇನಿ” ಎಂದು ಒಳಗಿನಿಂದ ಗೌರತ್ತಿಯ ದನಿ ಬಂತು. “ಆವಾಗ ಮತ್ತೊಮ್ಮೆ ಕರಿಯಾಕ ಬರ್ರಿ.”

ಮಾಮಾ ಊಟ ಮಾಡಿ, ಸಾರನ್ನು ಎರಡು ಸಲ ಹಾಕಿಸಿಕೊಂಡು, ಸಂಜೆಯ ಬಸ್ಸಿಗೆ ಹೋದರು. ಯುಗಾದಿಗೆ ಮತ್ತೊಮ್ಮೆ ಬಂದರು. ಗೌರತ್ತಿ ಹೋದಳು.

ನಾನು ಇಂಗ್ಲಿಷಿನಲ್ಲಿ ಪಾಸಾದೆ, ಪತ್ರಿಕೆ ಸೇರಿದೆ, ಮುಂದೆ ಸೀಡಿ, ಡೀವಿಡಿಗಳು ಬಂದ ಮೇಲೆ ನೂರಾರು ಹಳೆಯ ಚಿತ್ರಗಳನ್ನು ತುದಿಯವರೆಗೆ ನೋಡಿದೆ. ಕೆಲವು ಜೈತುನಕ್ಕ ಹೇಳಿದ್ದಕ್ಕಿಂತ ಚೆನ್ನಾಗಿ ಮುಗಿಯುತ್ತವೆ. ಬಹಳಲ್ಲ.

೨೦೦೮ರ ದೀಪಾವಳಿಗೆ ರಾಮದುರ್ಗಕ್ಕೆ ಹೋದಾಗ ಆ ಮನೆಯಲ್ಲಿ ಎರಡು ಟೀವಿ ಇದ್ದವು. ಪಡಸಾಲೆಯದರಲ್ಲಿ ಗಂಗವ್ವ ಧಾರಾವಾಹಿ ನೋಡುತ್ತಿದ್ದಳು. ಒಳಕೋಣೆಯದರಲ್ಲಿ ಗೌರತ್ತಿ ಕಪ್ಪು ಬಿಳುಪಿನ ಪಿಕ್ಚರೊಂದನ್ನು ನೋಡುತ್ತಿದ್ದಳು. ಮಲ್ಲಪ್ಪ ಮಾಮಾ ಎರಡರ ನಡುವಿನ ಬಾಗಿಲಲ್ಲಿ, ಒಂದು ಕಾಲು ಆಚೆ, ಒಂದು ಕಾಲು ಈಚೆ ಇಟ್ಟು ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು.